ನೀಲಿ ಚಪ್ಪಲಿ

ನಬ್ಲುಸ್‌ನ ಮನೆಗಳಲ್ಲಿ ಕಕ್ಕಸಿನ ಚಪ್ಪಲಿ ಕಕ್ಕಸಿನ ಬಾಗಿಲಲ್ಲೇ ಇರಬೇಕು. ನಮಾಜು ಮಾಡುವ ಜಮಖಾನೆಯ ಮೇಲೆ ಬಂತೋ, ಮನೆಯೆಲ್ಲ ಮೈಲಿಗೆ. ಎರಡು ತುಂಬಿದ ಕೈಸನಿಗೆ ಆ ನೀಲಿ ಪ್ಲಾಸ್ಟಿಕ್ ಚಪ್ಪಲಿಯ ಮೇಲೇ ಕಣ್ಣು. ಇತ್ತೀಚೆಗೆ ದಿನವೂ ಹೊತ್ತು ತಂದು ತಾಯಿ ರಗ್ದಾಳ ಕಾಲ ಬಳಿ ಇಡುತ್ತಿದ್ದ. ಅವಳು ಪುಟ್ಟ ಕೈಗೊಂದು ಬಾರಿಸಿ ಅಟ್ಟುತ್ತಿದ್ದಳು.

ಅಂದು ನೆರೆಮನೆಯ ಹೆಂಗಸರು ಕಾಫಿಗೆ ಬಂದಿದ್ದರು.

"ಇನ್ನೂ ಡೈಪರ್ ಬಿಡ್ಸಿಲ್ವೇನೇ?" ಎಂದಳು ಒಬ್ಬಳು.

"ಇವತ್ತು ಬಿಚ್ಚಿಟ್ಟಿದೀನಿ ಅಕ್ಕ. ಆದ್ರೆ ಈ ಪೆದ್ದನಿಗೆ ಹೇಳೋಕೆ ಬಂದ್ರೆ ತಾನೆ!" ರಗ್ದಾ ನಕ್ಕಳು.

ಅಷ್ಟರಲ್ಲಿ ಕೈಸ್ ಚಪ್ಪಲಿಯನ್ನು ಎದೆಗವಚಿಕೊಂಡು ಬಂದು ಎಲ್ಲರೆದುರೇ ಅವಳ ಕಾಲ ಬಳಿ ಇಟ್ಟ. ರಗ್ದಾಳಿಗೆ ಮಾನ ಹೋದಂತಾಯಿತು.

"ಥೂ, ಗಲೀಜು! ಎಲ್ಲಿತ್ತೋ ಅಲ್ಲೇ ಇಟ್ಟು ಬಾ!"

ಮಗು ಚಪ್ಪಲಿ ಎತ್ತಿಕೊಂಡು ಹೋಯಿತು. ಕಕ್ಕಸಿನ ಬಾಗಿಲಲ್ಲಿ ಅದನ್ನು ಜೋಡಿಸಿಟ್ಟು, ಅಲ್ಲೇ ನಿಂತು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿತು.

ಮೂಲೆಯಲ್ಲಿದ್ದ ಅತ್ತೆ ಜಪಮಣಿ ಕೆಳಗಿಟ್ಟರು. "ಇದನ್ನ ಮೆಟ್ಕೊಂಡು ನನ್ನ ಕರ್ಕೊಂಡ್ಹೋಗು ಅಂತ ತಂದಿದ್ದು ಕಣೇ. ಇನ್ನು ಹ್ಯಾಗ್ ಹೇಳ್ಬೇಕು ಆ ಮಗು?"

ರಗ್ದಾ ತಲೆ ತಗ್ಗಿಸಿಕೊಂಡೇ ಮಗನ ಬಳಿ ಹೋದಳು. ಎತ್ತಿಕೊಳ್ಳಲು ಬಗ್ಗಿದಳು. ಕೈಸ್, ಹೊಡೆಸಿಕೊಳ್ಳಲೆಂದು, ತಾನಾಗಿಯೇ ಕೈ ಚಾಚಿದ.