ಸುಣ್ಣದ ತಿಳಿ

ಮಗ್ಗದ ಬೆಲ್ಟಿಗೆ ಸಿಕ್ಕಿ ಬಲಗೈಯ ಮೂರು ಬೆರಳು ಕಳೆದುಕೊಂಡ ಚೌಡೇಶ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಕೂಡಲೇ ಹೆಂಡತಿಯನ್ನು ಕೇಳಿದ್ದು ಒಂದೇ ಮಾತು. “ಪದ್ಮಾ, ಟ್ಯಾಂಕಿಗೆ ನೀರ್ ಹಾಕಿದ್ಯಾ?”

ಪದ್ಮಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ದೊಡ್ಡಬಳ್ಳಾಪುರದ ಅವರ ನಡುಮನೆಯಲ್ಲಿ ಆ ಗಾಜಿನ ತೊಟ್ಟಿ ಬಂದು ಕೂತು ಎರಡು ವರ್ಷವಾಗಿತ್ತು. ತೊಂಬತ್ತೈದರಲ್ಲಿ ಸೀರೆ ವ್ಯಾಪಾರಕ್ಕೆಂದು ಮದ್ರಾಸಿಗೆ ಹೋದವನು ಯಾರದೋ ಬಂಗಲೆಯಲ್ಲಿ ಹವಳದ ತೊಟ್ಟಿ ಕಂಡು ಮರುಳಾಗಿ ಬಂದಿದ್ದ. ಸಮುದ್ರದ ನೀರು ಕ್ಯಾನುಗಳಲ್ಲಿ ಲಾರಿ ಹತ್ತಿ ಬಂತು. ಹಿಂದೆಯೇ ಕಲ್ಲು, ಜೀವಂತ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಗೋಡೆಯಾಚೆ ಮಗ್ಗಗಳು ಬಡಿಯುವಾಗ ತೊಟ್ಟಿಯ ನೀರು ಸಣ್ಣಗೆ ನಡುಗುತ್ತಿತ್ತು. ಪದ್ಮಶ್ರೀ ಹತ್ತಿರ ಹೋದರೆ ಸಾಕು, “ಸೋಪಿನ ಕೈ, ಮುಟ್ಬೇಡ” ಎನ್ನುತ್ತಿದ್ದ.

ಈಗ ಮುಟ್ಟಲು ಅವಳೊಬ್ಬಳೇ ಇದ್ದಳು. ದಿನಾ ಬಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಬರುತ್ತಿದ್ದ ಅವಳಿಗೆ ಅವನು ಮಲಗಿದಲ್ಲೇ ಪಾಠ ಹೇಳಿದ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ಇಳಿದಷ್ಟಕ್ಕೆ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ತುಂಬಬೇಕು, ಬೋರಿನದು ಬೇಡ. ಹವಳ ಮೈ ಕಟ್ಟಿಕೊಳ್ಳುವುದು ಸುಣ್ಣದಿಂದ. ಆದ್ದರಿಂದ ಆ ನೀರಿಗೆ ಸುಣ್ಣ ಕಲಸಿ, ಗಸಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಗ್ಲೂಕೋಸ್ ಪೈಪಿನಲ್ಲಿ ತೊಟ್ಟುತೊಟ್ಟಾಗಿ ಇಳಿಸಬೇಕು.

“ಒಟ್ಟಿಗೇ ಸುರಿದ್ರೆ ವಿಷ ಕಣೇ, ನೆನಪಿರ್ಲಿ.”

ನೀರಿನಲ್ಲಿ ಸುಣ್ಣದ ಕಸುವು ಎಷ್ಟಿದೆಯೆಂದು ನೋಡಲು ಪುಟ್ಟ ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು ಮದ್ದು ಹನಿಸುವುದು. ಮೊದಲ ಹನಿಗೆ ನೀಲಿಯಾದ ನೀರು ಹಳದಿಗೆ ತಿರುಗಲು ಎಷ್ಟು ಹನಿ ಬೇಕೋ ಅದೇ ಲೆಕ್ಕ. ಚೌಡೇಶನಿಗೆ ಹನ್ನೆರಡಾಗಬೇಕಿತ್ತು. ಅವನ ಕಾಲದಲ್ಲಿ ಅದು ಇವತ್ತು ಹನ್ನೆರಡು, ನಾಳೆ ಆರು. ಪದ್ಮಶ್ರೀ ನೋಡಿದಾಗ ಎಂಟಿತ್ತು. ಎಂಟಕ್ಕೇ ನಿಲ್ಲುವಷ್ಟು ಸುಣ್ಣದ ತಿಳಿ ಇಳಿಸುತ್ತ ಹೋದಳು. ಏರಲಿಲ್ಲ, ಇಳಿಯಲಿಲ್ಲ. ಮುದುಡಿರುತ್ತಿದ್ದ ಹವಳ ಹಗಲೆಲ್ಲ ಅರಳಿ ನಿಂತಿತು. ಬೀದಿಯ ಹೆಂಗಸರು ನೋಡಲು ಬಂದರು. ಆಸ್ಪತ್ರೆಯಲ್ಲಿ ಅವನು “ಹವಳ ಅರಳ್ತಾ?” ಎಂದು ಕೇಳಿದರೆ ಇವಳಿಗೆ ಮಾತು ಸಾಲುತ್ತಿರಲಿಲ್ಲ. ಮದುವೆಯಾದ ಮೇಲೆ ಅವರಿಬ್ಬರು ಅಷ್ಟು ಮಾತಾಡಿದ್ದು ಆಗಲೇ.

ಅವನು ಮನೆಗೆ ಬಂದ. ಮಗ್ಗ ನೋಡಿಕೊಳ್ಳಲು ಬೇರೆಯವರಿದ್ದರು. ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟಿಯೆದುರು ಕೂತ. ಕಾಫಿ ತಂದುಕೊಟ್ಟ ತಾಯಿ ರುಕ್ಮಿಣಮ್ಮ ಒಳ್ಳೆಯ ಮನಸ್ಸಿನಿಂದಲೇ ಅಂದರು:

“ನೀನಿಲ್ದಿದ್ದಾಗ್ಲೇ ಚೆನ್ನಾಗಾಯ್ತು ನೋಡಪ್ಪಾ.”

ಅವನು ಕಾಫಿ ಮುಟ್ಟಲಿಲ್ಲ. “ಎಷ್ಟೈತೆ ಈಗ?”

“ಎಂಟು” ಎಂದಳು ಪದ್ಮಶ್ರೀ.

“ಎಂಟಾ? ಹನ್ನೆರಡಿರ್ಬೇಕು ಅಂತ ಹೇಳಿರ್ಲಿಲ್ವಾ?”

“ಚೆನ್ನಾಗೈತಲ್ಲ ರೀ. ನಿಧಾನಕ್ಕೆ ಏರಿಸಿದ್ರಾಯ್ತು.”

ಅವನು ಎದ್ದು ಎಡಗೈಯಲ್ಲಿ ಸುಣ್ಣದ ತಿಳಿಯ ಜಗ್ಗು ಎತ್ತಿದ. ಅವಳು ಹಿಡಿಯನ್ನು ಹಿಡಿದುಕೊಂಡಳು. “ಬೇಡ ರೀ, ನೀವೇ ಹೇಳಿದ್ದು, ಒಟ್ಟಿಗೇ...”

“ಬಿಡೇ. ನನ್ ಟ್ಯಾಂಕು ಇದು.”

ಅವನ ಮುಖ ನೋಡಿ ಅವಳು ಕೈ ಬಿಟ್ಟಳು. ಅವನು ಜಗ್ಗನ್ನು ಪೂರ್ತಿ ಬಗ್ಗಿಸಿದ.

ನೀರು ಹಾಲಿನಂತೆ ಬೆಳ್ಳಗಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದವು. ಪದ್ಮಶ್ರೀ ಓಡಿ, ಉಳಿದಿದ್ದ ಸಮುದ್ರದ ನೀರನ್ನು ಬಕೆಟ್ಟಿಗೆ ಸುರಿದು, ಎರಡನ್ನೂ ಅದಕ್ಕೆ ಹಾಕಿದಳು. ಸಂಜೆಯ ಹೊತ್ತಿಗೆ ಎರಡೂ ಮಗ್ಗುಲಾಗಿ ತೇಲಿದವು. ತೊಟ್ಟಿಯಲ್ಲಿ ಹವಳದ ಮೈ ಎಳೆ ಎಳೆಯಾಗಿ ಕಳಚಿ ಮನೆಯೆಲ್ಲ ನಾರತೊಡಗಿತು. ನೀರು ಚೆಲ್ಲಿದ್ದು, ಕಲ್ಲು ತೊಳೆದದ್ದು, ಮೀನನ್ನು ಹಿತ್ತಲಲ್ಲಿ ಮುಚ್ಚಿದ್ದು ಎಲ್ಲ ಅವಳೇ. ಅವನು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

ಎಷ್ಟೋ ದಿನದ ಮೇಲೆ, ಊಟಕ್ಕೆ ಕೂತಾಗ ಅವನೇ ಮಾತೆತ್ತಿದ.

“ನೀನ್ ಇಟ್ಟಿದ್ದೇ ಸರಿಯಾಗಿತ್ತು ಕಣೇ. ಮದ್ರಾಸಿಂದ ಮತ್ತೆ ತರಿಸ್ಲಾ? ನೀನೇ ನೋಡ್ಕೋ ಈ ಸಲ.”

“ಬೇಡ.”

“ಯಾಕೆ?”

ಅವಳು ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದಳು. “ನನ್ ಕೈಯಲ್ಲಿ ಚೆನ್ನಾಗಿ ಬದುಕಿದ್ರೆ ನಿಮಗೆ ತಡ್ಕೊಳಕ್ಕಾಗಲ್ಲ.”

ಅವನು ತಟ್ಟೆಗೆ ಬಗ್ಗಿದ. ಎಡಗೈಯ ಚಮಚದಿಂದ ಅನ್ನ ಜಾರಿ ಅಂಗಿಯ ಮೇಲೆ ಬಿತ್ತು. ಬೇರೆ ದಿನವಾಗಿದ್ದರೆ ಅವಳು ಎದ್ದು ಒರೆಸುತ್ತಿದ್ದಳು. ಅಂದು ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.