ಮೂರನೇ ಬ್ಲಾಕಿನ ಬಾಗಿಲು

ಜೈಲಿನ ಬೀಗಗಳನ್ನೆಲ್ಲ ಆಡಿಸುವ ಕಂಪ್ಯೂಟರನ್ನು ಮೂರು ವರ್ಷದಿಂದ ಯಾರೂ ಆರಿಸಿರಲಿಲ್ಲ. ಆರಿಸಿ ಮತ್ತೆ ಹಚ್ಚಿದರೆ ನಾಲ್ಕು ನಿಮಿಷ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತಿದ್ದವು. ಬೆಂಕಿ ಬಿದ್ದರೆ ಒಳಗಿದ್ದವರು ಸಾಯಬಾರದೆಂದು ಯಾವನೋ ಪುಣ್ಯಾತ್ಮ ಮಾಡಿಟ್ಟ ಏರ್ಪಾಡು. ಹಾಗಾಗಿ ಅದರ ಕರ್ನಲ್‌ನಲ್ಲಿ, ಅಂದರೆ ಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ಪ್ರೋಗ್ರಾಮಿನಲ್ಲಿ, ಕಳ್ಳರು ನುಗ್ಗಬಹುದಾದ ತೂತು ಕಂಡರೆ ಅದು ಓಡುತ್ತಿರುವಾಗಲೇ ತೇಪೆ ಹಾಕಬೇಕಿತ್ತು. ಆ ಕೆಲಸ ಅವಳದು. ಅಲ್ಲೇ ವಾರ್ಡರ್ ಆಗಿದ್ದ ಅವಳ ಅಣ್ಣ ಅವಳನ್ನು ‘ತೇಪೆ’ ಎಂದೇ ಕರೆಯುತ್ತಿದ್ದ. ಬರಬರುತ್ತಾ ಜೈಲರ್ ಸಾಹೇಬರ ಬಾಯಲ್ಲೂ ಅದೇ ಹೆಸರಾಗಿತ್ತು.

ಹೊಸ ತೂತಿನ ಸುದ್ದಿ ಹಿಂದಿನ ದಿನವೇ ಬಂದಿತ್ತು. ತೇಪೆಯೂ ಸಿದ್ಧವಿತ್ತು. ಇನ್ನೊಮ್ಮೆ ಪರೀಕ್ಷಿಸೋಣ ಎಂದು ಅವಳು ತಡಮಾಡಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಬ್ಲಾಕಿನ ಕೈದಿಯೊಬ್ಬ ಕದ್ದು ತರಿಸಿಕೊಂಡ ಫೋನಿನಿಂದ ಆ ತೂತಿನೊಳಗೆ ನುಗ್ಗಿದ. ಕೋಣೆಗಳ ಬೀಗ ಒಂದೊಂದಾಗಿ ಬಿಚ್ಚಿಕೊಂಡವು. ಮಂಚದ ಕಬ್ಬಿಣ ಕಿತ್ತುಕೊಂಡು ಐವತ್ತು ಜನ ಹೊರಬಿದ್ದರು. ಅಣ್ಣನ ಜೊತೆಗಿದ್ದ ಇನ್ನೊಬ್ಬ ವಾರ್ಡರ್ ಮೊದಲು ಕೈಗೆ ಸಿಕ್ಕ; ಅವನ ತಲೆಯನ್ನು ಗೋಡೆಗೆ ಚಚ್ಚಿ ಒಡೆದರು. ಅವನು ಕುಸಿದು ಬಿದ್ದ ಮೇಲೂ, ಉಸಿರು ನಿಂತ ಮೇಲೂ ಬಿಡಲಿಲ್ಲ. ಅವಳು ಕ್ಯಾಮೆರಾದ ಪರದೆಯಲ್ಲಿ ಅದನ್ನು ನೋಡುತ್ತಲೇ ತೇಪೆ ಏರಿಸಿದಳು.

ಓಡುವ ಯಂತ್ರಕ್ಕೆ ತೇಪೆ ಹಾಕುವುದರಲ್ಲಿ ಒಂದು ಪೇಚಿದೆ. ಪ್ರೋಗ್ರಾಮಿನ ಹಳೆಯ ಸಾಲುಗಳೊಳಗೆ ಹೊಕ್ಕಿರುವ ಪ್ರತಿಯೊಂದು ಕೆಲಸವೂ ಮುಗಿದು ಹೊರಬರುವತನಕ ತೇಪೆ ಪೂರ್ತಿ ಕೂರುವುದಿಲ್ಲ. ಒಂದು ಉಳಿದರೂ ಕಳ್ಳನಿಗೆ ಅದೇ ಸಾಕು. ನೂರಾ ಹನ್ನೆರಡು ಬಾಗಿಲುಗಳ ಕೆಲಸ ಹೊರಬಂತು. ಮೂರನೇ ಬ್ಲಾಕಿನ ಹೆಬ್ಬಾಗಿಲಿನದು ಮಾತ್ರ ಬರಲಿಲ್ಲ. ಆ ಬಾಗಿಲು ಮುಚ್ಚಲು ಹೊರಟು, ಸಂದಿಯಲ್ಲಿ ಏನೋ ಅಡ್ಡ ಸಿಕ್ಕಿ, ಕಾಯುತ್ತಾ ನಿಂತಿತ್ತು.

ಸಂದಿಯಲ್ಲಿದ್ದದ್ದು ಅಣ್ಣನ ಕೈ. ಅವನು ಒಳಗಡೆ ಬೋರಲು ಬಿದ್ದಿದ್ದ. ನಾಲ್ಕು ಜನ ಅವನ ಬೆನ್ನಿಗೆ, ಕಾಲಿಗೆ ಕಬ್ಬಿಣದಿಂದ ಬಾರಿಸುತ್ತಿದ್ದರು. ಕೈ ಅಲ್ಲಿರುವತನಕ ಬಾಗಿಲು ಬೀಗ ಹಾಕಿಕೊಳ್ಳುವುದಿಲ್ಲ, ಯಾರಾದರೂ ಬಂದು ತನ್ನನ್ನು ಹೊರಗೆ ಎಳೆದುಕೊಳ್ಳಬಹುದು ಎಂಬುದು ಅವನಿಗೆ ಗೊತ್ತಿತ್ತು. ತಂಗಿಯೇ ಹೇಳಿಕೊಟ್ಟಿದ್ದಳು.

ಜೈಲರ್ ಸಾಹೇಬರ ಫೋನ್ ಬಂತು. ಭೇಟಿಯ ಹಾಲ್‌ನಲ್ಲಿ ನಲವತ್ತು ಜನ ಹೆಂಗಸರು, ಮಕ್ಕಳು ಸಿಕ್ಕಿಕೊಂಡಿದ್ದರು. ಫೋನ್ ಹಿಡಿದ ಕೈದಿಗೆ ಇನ್ನೆರಡು ಬಾಗಿಲು ಸಿಕ್ಕರೆ ಅವರ ಕಥೆ ಮುಗಿಯಿತು. ಪೂರ್ತಿ ಬಲ ಹಾಕಿ ಬಾಗಿಲು ಮುಚ್ಚಲು ಹೇಳಿದರು. ಅದು ತನ್ನ ಅಣ್ಣನ ಕೈ ಎಂದಳು.

“ಗೊತ್ತಮ್ಮ,” ಅಂದರು ಅವರು. “ಗೊತ್ತಿದ್ದೇ ಹೇಳ್ತಿದೀನಿ.”

ಅವಳು ಬಾಗಿಲಿನ ಸ್ಪೀಕರಿನಲ್ಲಿ ಮಾತಾಡಿದಳು. “ಅಣ್ಣಾ, ಕೈ ಹಿಂದಕ್ಕೆ ತಗೋ. ಬಾಗಿಲು ಹಾಕ್ತೀನಿ.”

ಅವನು ಮುಖವೆತ್ತಿದ. ಒಂದು ಕಣ್ಣಿನ ಜಾಗದಲ್ಲಿ ಬರೀ ರಕ್ತವಿತ್ತು. “ಬೇಡ ಕಣೇ ತೇಪೆ. ಬಾಗಿಲು ತೆಗಿ. ಇವರ ಕೈಗೆ ನನ್ನ ಬಿಡಬೇಡ ಕಣೇ.”

ಅವನು ತಾನಾಗಿ ಕೈ ತೆಗೆದಿದ್ದರೆ ಅವಳ ಪಾಪ ಅರ್ಧವಾಗುತ್ತಿತ್ತು. ತೆಗೆಯಲಿಲ್ಲ. ಅವನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಗುಂಡಿ ಒತ್ತಿದಳು.

ಮೂಳೆ ಮುರಿದ ಸದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಾಲ್ಕು ಬೆರಳು ಈಚೆ ಕಡೆ ಬಿದ್ದವು. ಬೀಗ ಕೂತಿತು, ಕೊನೆಯ ಕೆಲಸ ಹೊರಬಂತು, ತೇಪೆ ಪೂರ್ತಿಯಾಯಿತು. ಆಮೇಲೆ ಒಂದು ಬಾಗಿಲೂ ಆ ಫೋನಿನ ಮಾತು ಕೇಳಲಿಲ್ಲ. ಹಿಂದಿನ ಗೋಡೆ ಒಡೆದು ಪೊಲೀಸರು ಒಳನುಗ್ಗಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಕೈದಿಗಳು ತಮ್ಮ ರೋಷವನ್ನೆಲ್ಲ ಯಾರ ಮೇಲೆ ತೀರಿಸಿಕೊಂಡರೆಂದು ಅವಳು ಕೊನೆಯವರೆಗೂ ಕೂತು ನೋಡಿದಳು. ನೋಡದಿರುವುದು ಹೇಡಿತನ ಅನ್ನಿಸಿತ್ತು.

ಯಂತ್ರ ಒಂದು ಕ್ಷಣವೂ ನಿಲ್ಲಲಿಲ್ಲವಲ್ಲ ಎಂದು ಸಾಹೇಬರು ಬೆನ್ನು ತಟ್ಟಿದರು.

ಅಣ್ಣ ಸಾಯಲಿಲ್ಲ. ಹನ್ನೆರಡನೇ ದಿನ ಆಸ್ಪತ್ರೆಯಲ್ಲಿ ಮಾತಾಡಿದ.

“ಅವತ್ತು ನನ್ನ ಮಾತು ಆ ಕಡೆಗೆ ಕೇಳಿಸ್ತಿರಲಿಲ್ಲವಂತೆ. ಸ್ಪೀಕರ್ ಕೆಟ್ಟಿತ್ತಂತೆ. ಸಾಹೇಬ್ರು ಹೇಳಿದ್ರು.” ಉಳಿದ ಒಂದು ಕಣ್ಣಿನಲ್ಲಿ ಅವಳನ್ನೇ ನೋಡಿದ. “ಹೌದಾ?”

ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ಅವನೂ ಅದನ್ನೇ ಬೇಡುತ್ತಿದ್ದ.

“ಕೇಳಿಸ್ತು ಅಣ್ಣ,” ಅಂದಳು. “ಎಲ್ಲಾ ಕೇಳಿಸ್ತು.”

ಅವನು ಸೂರಿನ ಕಡೆ ಮುಖ ತಿರುಗಿಸಿದ. ಆಮೇಲೆ ಸ್ವಲ್ಪ ನೀರು ಕುಡಿಸಲು ಹೇಳಿದ. ಅವಳು ಲೋಟ ಹಿಡಿದಳು, ಅವನು ಕುಡಿದ. ತೇಪೆ ಎಂದು ಅವನು ಮತ್ತೆಂದೂ ಅವಳನ್ನು ಕರೆಯಲಿಲ್ಲ.