ಮೂವತ್ತೊಂದನೆಯ ವಿಳಾಸ

೧೯೮೬ರಲ್ಲಿ ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂತು. ಅದರ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದವನು ಎಂಜಿನಿಯರ್ ಕಾಶಪ್ಪ. ಅವನ ಕೈಕೆಳಗೆ ಪ್ರೋಗ್ರಾಮ್ ಬರೆಯಲು ಭಂಕೂರಿನ ಧರ್ಮಣ್ಣ ಇದ್ದ. ಅದೇ ಊರಿನ, ಅದೇ ಓಣಿಯ ಅನಸುಬಾಯಿಯನ್ನು ಆಪರೇಟರ್ ಕೆಲಸಕ್ಕೆ ಕರೆತಂದವನೂ ಧರ್ಮಣ್ಣನೇ.

ಭಟ್ಟಿಯಲ್ಲಿ ಸುಟ್ಟು ಕೆಂಪಗೆ ಉರುಳಿ ಬರುವ ಸಿಮೆಂಟಿನ ಗಟ್ಟಿ ತಣ್ಣಗಾಗಲು ಎಂಟು ಕೋಣೆಗಳಿದ್ದವು. ಅನಸುಬಾಯಿ ಕೋಣೆಯ ಅಂಕಿ ಒತ್ತಿದರೆ ಅದರ ಶಾಖ ಪರದೆಯ ಮೇಲೆ ಬರುತ್ತಿತ್ತು.

ಅವಳು ನಡೆಸುವ ಪ್ರೋಗ್ರಾಮಿಗೆ ಮೆಮರಿಯಲ್ಲಿ ತನ್ನದೇ ಒಂದು ಪಾಲು. ಅದರಾಚೆ ಕೈಹಾಕಲು ಯಂತ್ರ ಬಿಡುತ್ತಿರಲಿಲ್ಲ. ಶಾಖ ಬೇಕಾದಾಗ ಅದು ಸಿಸ್ಟಮ್ಮಿನ ಒಳತಿರುಳಾದ ಕರ್ನಲ್‌ಗೆ ಒಂದು ವಿಳಾಸ ಕೊಟ್ಟು, ಇಲ್ಲಿ ಬರೆದುಕೊಡು ಎಂದು ಕೇಳುತ್ತಿತ್ತು. ಕರ್ನಲ್‌ಗೆ ಮಾತ್ರ ಯಾವ ತಡೆಯೂ ಇಲ್ಲ, ಎಲ್ಲಿ ಬೇಕಾದರೂ ಬರೆಯಬಲ್ಲದು. ಆದ್ದರಿಂದಲೇ ಆ ವಿಳಾಸ ಕೇಳಿದವರ ಪಾಲಿನೊಳಗೇ ಇದೆಯೇ ಎಂದು ಅದು ಮೊದಲು ನೋಡಬೇಕು. ಕರ್ನಲ್‌ನಲ್ಲಿ ಕಾಶಪ್ಪ ಬರೆದ ಭಾಗ ಹಾಗೆ ನೋಡುತ್ತಿರಲಿಲ್ಲ. ಅದು ತಪ್ಪೆಂದು ಧರ್ಮಣ್ಣ ಎರಡು ಸಲ ಹೇಳಿದ್ದ. ಅಂಥ ತಪಾಸಣೆಯಿಂದ ಯಂತ್ರ ನಿಧಾನವಾಗುತ್ತದೆ ಅಷ್ಟೇ ಎಂದು ಕಾಶಪ್ಪ ಎಲ್ಲರೆದುರು ನಕ್ಕಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅನಸುಬಾಯಿ ಮೂರು ಒತ್ತಲು ಹೋಗಿ ಮೂವತ್ತೊಂದು ಒತ್ತಿದಳು. ಪ್ರೋಗ್ರಾಮ್ ಆ ಅಂಕಿಯಿಂದ ವಿಳಾಸ ಲೆಕ್ಕಹಾಕಿತು. ಆ ವಿಳಾಸ ಪ್ರೋಗ್ರಾಮಿನ ಪಾಲಿನಾಚೆ, ಕರ್ನಲ್‌ನ ಸ್ವಂತ ಜಾಗದಲ್ಲಿತ್ತು. ಕರ್ನಲ್ ನೋಡದೆ ಬರೆದು ತನ್ನದನ್ನೇ ಕೆಡಿಸಿಕೊಂಡಿತು, ಹೊಸ ಶಾಖ ಓದುವುದು ನಿಂತಿತು. ಆಮೇಲೆ ಅವಳು ಸರಿಯಾಗಿ ಮೂರು ಒತ್ತಿದಾಗ ಎಂಬತ್ತು ಡಿಗ್ರಿ ಎಂಬ ಹಳೆಯ ಅಂಕಿಯೇ ಬಂತು. ಅದನ್ನೇ ಅವಳು ಫೋನಿನಲ್ಲಿ ಓದಿ ಹೇಳಿದಳು. ಗಟ್ಟಿ ತಣ್ಣಗಾಗಿದೆಯೆಂದು ದಂಡೋತಿಯ ಕೂಲಿ ಅಂಬಾರಾಯ ಹಾರೆ ಹಿಡಿದು ಮೂರನೆಯ ಕೋಣೆಗಿಳಿದ. ಕೆಂಡದ ರಾಶಿ ಅವನ ಮೇಲೆ ಜಾರಿತು. ಜೀವ ಉಳಿಯಿತು, ಎರಡೂ ಕಣ್ಣು ಹೋದವು.

ಮೆಮರಿಯಲ್ಲಿದ್ದುದನ್ನೆಲ್ಲ ಕಾಗದದ ಮೇಲೆ ಅಚ್ಚು ತೆಗೆದು ನೋಡಿದಾಗ ಧರ್ಮಣ್ಣನಿಗೆ ಒಂದೇ ಗಂಟೆಯಲ್ಲಿ ಎಲ್ಲ ತಿಳಿಯಿತು. ಕಾಶಪ್ಪ ಆ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

"ಮೂವತ್ತೊಂದು ಒತ್ತಿದಾಕಿ ಯಾರು?"

"ಅನಸುಬಾಯಿನೇ ರೀ. ಆದ್ರ ಕರ್ನಲ್ ತಡೀಬೇಕಿತ್ತು."

"ಅದು ನನಗ, ನಿನಗ ಬಿಟ್ರ ಇಲ್ಲಿ ಯಾರಿಗಿ ಗೊತ್ತದ? ಪ್ರೋಗ್ರಾಮ್ ಬರದಾಂವ ನೀನು. ಆಕಿ ಹೋಗಬೇಕೋ ನೀ ಹೋಗಬೇಕೋ, ನೀನೇ ಹೇಳು."

ವಿಚಾರಣೆಯಲ್ಲಿ ಧರ್ಮಣ್ಣ ಇದು ಆಪರೇಟರ್ ತಪ್ಪು ಎಂದು ಬರೆದು ಸಹಿ ಹಾಕಿದ. ಅನಸುಬಾಯಿಯನ್ನು ಅಂದೇ ಕೆಲಸದಿಂದ ತೆಗೆದರು. ಮರುದಿನ ಅವನು ಕರ್ನಲ್‌ಗೆ ಹತ್ತು ಸಾಲು ಸೇರಿಸಿ, ತಾನೇ ಮೂವತ್ತೊಂದು ಒತ್ತಿ ನೋಡಿದ. ವಿಳಾಸ ತಪ್ಪು ಎಂದು ಪರದೆಯ ಮೇಲೆ ಬಂತು. ಯಂತ್ರ ತನ್ನ ಪಾಡಿಗೆ ನಡೆಯಿತು.

ಅಂಬಾರಾಯನ ಹೆಂಡತಿ ಸಾಬಮ್ಮ ಮೂರು ಸೋಮವಾರ ಗಂಡನ ಕೈಹಿಡಿದು ಭಂಕೂರಿಗೆ ಬಂದಳು. ಅವನನ್ನು ಅನಸುಬಾಯಿಯ ಹೊಸ್ತಿಲ ಮುಂದೆ ಕೂಡಿಸಿ, ಓಣಿಯವರೆಲ್ಲ ನೋಡಲಿ ಎಂದಳು. ಬೈಯಲಿಲ್ಲ. ಅನಸುಬಾಯಿ ತಂದುಕೊಟ್ಟ ನೀರನ್ನು ಅವಳ ಕಾಲ ಬಳಿಯೇ ಚೆಲ್ಲಿದಳು. ಮತ್ತೆಲ್ಲೂ ಟೈಪಿಂಗ್ ಕೆಲಸ ಸಿಗದೆ ಅನಸುಬಾಯಿ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಲು ಸೇರಿದಳು.

ಒಂದು ಭಾನುವಾರ ಅವಳು ಧರ್ಮಣ್ಣನ ಮನೆಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಒಂದು ಅಂಕಿ ಹೆಚ್ಚಿಗಿ ಬಿದ್ರ ಮಷೀನ್ ಹಾಂಗ ಸುಳ್ಳು ಹೇಳ್ತದೇನು ಅಣ್ಣಾ? ನನಗ ನಿದ್ದಿನೇ ಹತ್ತವಲ್ದು. ತಪ್ಪು ನಂದೇ ಏನು?"

ಒಳಗೆ ಅವನ ಹೆಂಡತಿ ಚಹಾ ಸೋಸುತ್ತಿದ್ದಳು. ಮುಂದಿನ ತಿಂಗಳು ಬಡ್ತಿ ಕೊಡಿಸುತ್ತೇನೆಂದು ಕಾಶಪ್ಪ ಹೇಳಿದ್ದ.

"ನಿಂದೇ ತಂಗಿ," ಎಂದ ಧರ್ಮಣ್ಣ. "ನೀ ನೋಡಿ ಒತ್ತಬೇಕಿತ್ತು."

ತನಗೂ ಹಾಗೇ ಅನಿಸಿತ್ತು ಎಂದಳು ಅನಸುಬಾಯಿ. ಸಾಬಮ್ಮನ ಕಾಲು ಹಿಡಿದು ಬರುತ್ತೇನೆಂದು ಚಹಾ ಕುಡಿಯದೆ ದಂಡೋತಿಗೆ ಹೊರಟಳು.